ಹೂತಿಟ್ಟ ತೊಟ್ಟಿಯೂ ತೇಲಬಲ್ಲುದೆ?

ನೀರಿನಲ್ಲಿ ದೋಣಿ ತೇಲುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಮಣ್ಣಿನಲ್ಲಿ ಹೂತ ತೊಟ್ಟಿಯೂ ತೇಲಿ ಮೇಲೇಳಬಲ್ಲುದೆಂದರೆ ನಂಬುವಿರಾ? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ಇದು ಕೇವಲ ಪಠ್ಯಪುಸ್ತಕದ ಪ್ರಶ್ನೆಯಲ್ಲ.

ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಕೊಳವೆಬಾವಿಗಳು ಸಾವಿರ ಅಡಿಗಳನ್ನೂ ಮೀರಿ ಇಳಿದಿವೆ. ಅನೇಕ ಕಡೆ ಆ ನೀರಿನಲ್ಲಿ ಫ್ಲೋರೈಡಿನ ಅಂಶವು ಲೀಟರಿಗೆ 1.5 ಮಿಲಿಗ್ರಾಮಿನ ಗರಿಷ್ಠ ಮಿತಿಯನ್ನು ದಾಟಿ ಹಲ್ಲು, ಮೂಳೆಗಳನ್ನು ಕೆಡಿಸುತ್ತದೆ. ಮಾಳಿಗೆಯ ಮೇಲೆ ಬಿದ್ದ ಮಳೆನೀರಿನಲ್ಲಿ ಈ ದೋಷವು ಬಹುಮಟ್ಟಿಗೆ ಇಲ್ಲ. ಆದುದರಿಂದ ಅದನ್ನು ನೆಲದಡಿಯ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕೂಡಿಡುವುದು ಜಾಣತನ.

"ಇಲ್ಲಿ ಅಂತರ್ಜಲವೇ ಪಾತಾಳ ಸೇರಿದೆ, ತೊಟ್ಟಿ ತೇಲುವ ಮಾತೆಲ್ಲಿ ಬಂತು, ಸಾರ್?" ಎಂದು ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ಕೇಳಿದನು. ಪ್ರಶ್ನೆ ಯುಕ್ತವಾದುದೇ. ಆದರೆ ಅಪಾಯವು ಬರುವುದು ಪಾತಾಳದಿಂದಲ್ಲ, ಆಕಾಶದಿಂದ! ಜೇಡಿಮಣ್ಣಿನಲ್ಲಿಯೋ ಬಂಡೆಯಲ್ಲಿಯೋ ತೋಡಿದ ಗುಂಡಿಯೇ ಒಂದು ದೊಡ್ಡ ಬಾನಿ. ತೊಟ್ಟಿಯ ಸುತ್ತಲಿನ ಸಡಿಲ ಮಣ್ಣಿಗೆ ಇಳಿದ ಮಳೆನೀರು ಹೊರದಾರಿ ಕಾಣದೆ ಅಲ್ಲಿಯೇ ನಿಲ್ಲುತ್ತದೆ. 2021ರ ನವೆಂಬರಿನಲ್ಲಿ ಬಿದ್ದಂತಹ ಜಡಿಮಳೆಯಾದರೆ ಹೇಳುವುದೇ ಬೇಡ.

ಈಗ ಆರ್ಕಿಮಿಡೀಸನ ತತ್ತ್ವವನ್ನು ನೆನೆಯೋಣ. 5,000 ಲೀಟರಿನ ತೊಟ್ಟಿಯು ಪೂರ್ತಿಯಾಗಿ ಮುಳುಗಿದರೆ 5,000 ಕಿಲೋಗ್ರಾಂ ನೀರನ್ನು ಸ್ಥಾನಪಲ್ಲಟಗೊಳಿಸುತ್ತದೆ. ಅದರ ಸ್ವಂತ ತೂಕ 200 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಬರಿದಾದ ತೊಟ್ಟಿಯನ್ನು ಮೇಲಕ್ಕೆ ನೂಕುವ ಬಲವು 4,800 ಕಿಲೋಗ್ರಾಂ ತೂಕದಷ್ಟು. ಇದನ್ನು ತಡೆಯಲು ತೊಟ್ಟಿಯನ್ನು ಕಾಂಕ್ರೀಟಿನ ತಳಹಾಸಿಗೆ ಪಟ್ಟಿಗಳಿಂದ ಬಿಗಿಯುತ್ತಾರೆ. ಒಂದು ಘನಮೀಟರ್ ಕಾಂಕ್ರೀಟಿನ ತೂಕ ಸುಮಾರು 2,400 ಕಿಲೋಗ್ರಾಂ. ಆದ್ದರಿಂದ 2 ಘನಮೀಟರ್ ಸಾಕೆಂದು ತೋರುವುದು ಸಹಜ. ಎಡವುವುದು ಇಲ್ಲಿಯೇ. ಕಾಂಕ್ರೀಟೂ ನೀರಿನಲ್ಲಿಯೇ ಮುಳುಗಿದೆಯಲ್ಲವೆ? ಘನಮೀಟರಿಗೆ 1,000 ಕಿಲೋಗ್ರಾಂ ಕಳೆದು 1,400 ಮಾತ್ರ ಲೆಕ್ಕಕ್ಕೆ ಬರುತ್ತದೆ. ಬೇಕಾದುದು ಸುಮಾರು ಮೂರೂವರೆ ಘನಮೀಟರ್! ಮೇಲೆ ಹೊದಿಸಿದ ಮಣ್ಣು ನೆರವಾಗುವುದು ನಿಜ. ಆದರೆ ನೀರಿನಲ್ಲಿ ಮುಳುಗಿದಾಗ ಅದರ ಭಾರವೂ ಸುಮಾರು ಅರ್ಧಕ್ಕಿಳಿಯುತ್ತದೆ.

ಎರಡನೆಯ ಶತ್ರು ಪಕ್ಕದ ಒತ್ತಡ. ಎರಡು ಮೀಟರ್ ಆಳದಲ್ಲಿ ನಿಂತ ನೀರೇ ಚದರ ಮೀಟರಿಗೆ 2,000 ಕಿಲೋಗ್ರಾಂ ತೂಕದಷ್ಟು ಒತ್ತುತ್ತದೆ. ಮಾಳಿಗೆಯ ಮೇಲಿಡುವ ತೊಟ್ಟಿಯು ಒಳಗಿನಿಂದ ಬರುವ ಒತ್ತಡವನ್ನು ತಾಳಲು ರಚಿತವಾದುದು. ಅದನ್ನು ಹೂತರೆ ಗೋಡೆಯು ಒಳಕ್ಕೆ ಕುಸಿಯಬಹುದು. ನೆಲದಡಿಗೆಂದೇ ಮಾಡಿದ, ಏಣುಗಳುಳ್ಳ ತೊಟ್ಟಿಯನ್ನೇ ಕೊಳ್ಳತಕ್ಕದ್ದು. ಸುತ್ತಲೂ ಕಲ್ಲಿಲ್ಲದ ಮರಳನ್ನು ಗೇಣಿಗಿಂತ ತೆಳುವಾದ ಪದರಗಳಲ್ಲಿ ತುಂಬಿ ಗಟ್ಟಿಸಬೇಕು. ಹೊರಗೆ ಮರಳು ಏರಿದಷ್ಟೇ ಒಳಗೆ ನೀರನ್ನೂ ಏರಿಸಬೇಕು. ಮಳೆಗಾಲದಲ್ಲಿ ತೊಟ್ಟಿಯನ್ನು ಪೂರ್ತಿ ಬರಿದುಮಾಡಬಾರದು. ಅದರ ಮೇಲೆ ವಾಹನ ಹಾಯಲೂ ಬಾರದು.

ಇವೆಲ್ಲಕ್ಕಿಂತ ಮುಖ್ಯವಾದುದು ಪ್ರಾಣ. ಆಳುದ್ದದ ಗುಂಡಿಯ ಪಕ್ಕಗಳನ್ನು ಇಳಿಜಾರಾಗಿ ಕಡಿಯದೆ, ಹಲಗೆಗಳ ಆಸರೆಯನ್ನೂ ಕೊಡದೆ ಒಳಗಿಳಿದರೆ ಮಣ್ಣು ಕ್ಷಣದಲ್ಲಿ ಕುಸಿದೀತು. ಮುಚ್ಚಿದ ತೊಟ್ಟಿಯೊಳಗೆ ಆಮ್ಲಜನಕ ಕಡಿಮೆಯಿರಬಹುದು. ತೊಳೆಯಲೆಂದು ಅದರೊಳಗೆ ಇಳಿಯುವ ಬದಲು ಹೊರಗಿನಿಂದಲೇ ಶುಚಿಮಾಡುವುದು ಲೇಸು. ಮಕ್ಕಳ ಕೈಗೆ ಸಿಗದಂತೆ ಮುಚ್ಚಳಕ್ಕೆ ಬೀಗವಿರಲಿ.

ನಂಬಿಕೆ ಬಾರದಿದ್ದರೆ ಒಂದು ಪ್ರಯೋಗ ಮಾಡಿರಿ. ಮುಚ್ಚಳ ಬಿಗಿದ ಖಾಲಿ ಬಾಟಲಿಯನ್ನು ಬಕೆಟ್ಟಿನ ಮರಳಿನಲ್ಲಿ ಹೂತು, ಮರಳು ಮುಳುಗುವಷ್ಟು ನೀರು ಹೊಯ್ದು, ಬಕೆಟ್ಟನ್ನು ಮೆಲ್ಲಗೆ ತಟ್ಟಿರಿ. ಬಾಟಲಿಯು ತಲೆಯೆತ್ತುವುದನ್ನು ಕಂಡವರು ಆರ್ಕಿಮಿಡೀಸನನ್ನು ಮರೆಯಲಾರರು.