ಸರಕಿಲ್ಲದ ನಾಡಿನ ವ್ಯಾಪಾರ: ತುವಾಲು

ಪೆಸಿಫಿಕ್ ಮಹಾಸಾಗರದ ವೈತುಪು ಎಂಬ ದ್ವೀಪದಲ್ಲಿ ಪ್ರತಿ ವರ್ಷ ನವೆಂಬರ್ 25ರಂದು ಹಬ್ಬ ನಡೆಯುತ್ತದೆ. ಹಬ್ಬದ ನಿಮಿತ್ತ ತುಸು ಅಪರೂಪದ್ದು: ಅದು ದ್ವೀಪದ ಸಾಲ ತೀರಿದ ದಿನ. 1870ರ ದಶಕದಲ್ಲಿ ವೇಲ್ಸ್ ಮೂಲದ ವರ್ತಕನೊಬ್ಬನ ಪ್ರೇರಣೆಯಿಂದ ದ್ವೀಪವಾಸಿಗಳು ತಮ್ಮದೇ ವ್ಯಾಪಾರ ಸಂಸ್ಥೆಯೊಂದನ್ನು ಕಟ್ಟಿಕೊಂಡು, ಸಮೋವಾದ ಆಪಿಯಾ ಬಂದರಿನಲ್ಲಿದ್ದ ಜರ್ಮನ್ ಕೋಠಿಯೊಡನೆ ವ್ಯವಹಾರ ಆರಂಭಿಸಿದರು. ಉದ್ರಿಯ ಲೆಕ್ಕ ಬೆಳೆಯುತ್ತ ಸುಮಾರು 13 ಸಾವಿರ ಡಾಲರ್ ಮುಟ್ಟಿತು. ಗಡುವಿನೊಳಗೆ ತೀರಿಸದಿದ್ದರೆ ದ್ವೀಪವನ್ನೇ ವಶಪಡಿಸಿಕೊಳ್ಳುವ ಬೆದರಿಕೆ ಬಂದಿತು. ಊರಿಗೆ ಊರೇ ದುಡಿದು 1887ರ ನವೆಂಬರ್ 25ರಂದು ಕೊನೆಯ ಕಂತನ್ನು ಸಲ್ಲಿಸಿತು. ಉದ್ರಿ ವ್ಯಾಪಾರದ ಕಷ್ಟವನ್ನು ಬಲ್ಲ ವರ್ತಕರಿಗೆ ಈ ಹಬ್ಬದ ಅರ್ಥವನ್ನು ವಿವರಿಸಬೇಕಾಗಿಲ್ಲ.

ವೈತುಪು ಸೇರಿದಂತೆ ಒಂಬತ್ತು ದ್ವೀಪಗಳ ರಾಷ್ಟ್ರವೇ ತುವಾಲು. ಒಟ್ಟು ಭೂಭಾಗ ಕೇವಲ 26 ಚದರ ಕಿಲೋಮೀಟರ್. ಜನಸಂಖ್ಯೆ 10ರಿಂದ 11 ಸಾವಿರ, ಅಂದರೆ ನಮ್ಮ ಒಂದು ದೊಡ್ಡ ಗ್ರಾಮದಷ್ಟು. ಫಿಜಿಯ ರಾಜಧಾನಿ ಸುವಾದಿಂದ ಉತ್ತರಕ್ಕೆ ಸುಮಾರು ಸಾವಿರ ಕಿಲೋಮೀಟರ್ ದೂರದಲ್ಲಿರುವ ಈ ದ್ವೀಪಗಳೆಲ್ಲವೂ ಹವಳದ ದಿಬ್ಬಗಳು. ಅತಿ ಎತ್ತರದ ಸ್ಥಳವೂ ಸಮುದ್ರ ಮಟ್ಟದಿಂದ ಐದು ಮೀಟರಿಗಿಂತ ಕಡಿಮೆ. ತುವಾಲು ಎಂದರೆ ‘ಒಟ್ಟಾಗಿ ನಿಂತ ಎಂಟು’ ಎಂದು ಅರ್ಥ. ಹಿಂದೆ ಕಾಯಂ ಜನವಸತಿ ಇದ್ದುದು ಎಂಟು ದ್ವೀಪಗಳಲ್ಲಿ ಮಾತ್ರ. ಜನರು ಪಾಲಿನೇಷಿಯನ್ನರು. ಬ್ರಿಟಿಷರ ಕಾಲದಲ್ಲಿ ಎಲ್ಲಿಸ್ ದ್ವೀಪಗಳೆಂಬ ಹೆಸರಿನಲ್ಲಿ ಇಂದಿನ ಕಿರಿಬಾಟಿಯೊಡನೆ ಒಂದೇ ಆಡಳಿತದಲ್ಲಿದ್ದ ಇವರು, ಜನಮತ ಗಣನೆಯ ಮೂಲಕ ಬೇರ್ಪಟ್ಟು 1978ರ ಅಕ್ಟೋಬರ್ 1ರಂದು ಸ್ವತಂತ್ರರಾದರು.

ಅರ್ಧಕ್ಕಿಂತ ಹೆಚ್ಚು ಜನ ರಾಜಧಾನಿ ಫುನಾಫುತಿಯಲ್ಲೇ ನೆಲೆಸಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ನಿರ್ಮಿಸಿದ ವಿಮಾನಪಥವೇ ಈಗಲೂ ಅಲ್ಲಿನ ವಿಮಾನ ನಿಲ್ದಾಣ, ಸಂಜೆಯ ಹೊತ್ತು ಮಕ್ಕಳ ಆಟದ ಮೈದಾನ. ವಿಮಾನ ಬರುವ ಮುನ್ನ ಸೈರನ್ ಮೊಳಗಿದೊಡನೆ ಪಥ ತೆರವಾಗುತ್ತದೆ.

ವಾಣಿಜ್ಯದ ದೃಷ್ಟಿಯಿಂದ ನೋಡಿದರೆ ಇಲ್ಲಿ ಮಾರಲು ಸರಕೇ ಇಲ್ಲ. ನೆಲ ನಿಸ್ಸಾರವಾದ ಹವಳದ ಮರಳು. ತೆಂಗು, ಜೀಗುಜ್ಜೆ, ಗುಂಡಿ ತೋಡಿ ಬೆಳೆಯುವ ‘ಪುಲಾಕಾ’ ಎಂಬ ಕೆಸುವಿನ ಜಾತಿಯ ಗೆಡ್ಡೆ, ಜೊತೆಗೆ ಮೀನು, ಹಂದಿ: ಇಷ್ಟೇ ಸ್ಥಳೀಯ ಉತ್ಪನ್ನ. ಒಂದು ಕಾಲಕ್ಕೆ ಹೊರಗೆ ಹೋಗುತ್ತಿದ್ದ ಕೊಬ್ಬರಿಯ ರಫ್ತು ಇಂದು ಹೆಸರಿಗಷ್ಟೇ. ಅಕ್ಕಿ, ಹಿಟ್ಟು, ಸಕ್ಕರೆ, ಇಂಧನ, ಸಿಮೆಂಟು ಎಲ್ಲವೂ ಹಡಗಿನಲ್ಲಿ ಬರಬೇಕು. ಚಲಾವಣೆಯಲ್ಲಿರುವುದು ಆಸ್ಟ್ರೇಲಿಯಾದ ಡಾಲರ್. ದೇಶದ ಪ್ರಥಮ ಎಟಿಎಂ ಆರಂಭವಾದದ್ದು 2025ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಸಮಸ್ತ ವ್ಯವಹಾರವೂ ನಗದಿನಲ್ಲೇ ನಡೆಯುತ್ತಿತ್ತು.

ಹಾಗಾದರೆ ಈ ರಾಷ್ಟ್ರದ ಖಜಾನೆ ತುಂಬುವುದು ಹೇಗೆ? ಹಕ್ಕುಗಳನ್ನು ಬಾಡಿಗೆಗೆ ಕೊಡುವುದರಿಂದ. ಅದರಲ್ಲಿ ಮೊದಲನೆಯದು ಕಡಲಿನ ಹಕ್ಕು. 26 ಚದರ ಕಿಲೋಮೀಟರ್ ನೆಲದ ಸುತ್ತ ಸುಮಾರು ಏಳೂವರೆ ಲಕ್ಷ ಚದರ ಕಿಲೋಮೀಟರ್ ವಿಶೇಷ ಆರ್ಥಿಕ ವಲಯ ತುವಾಲುವಿಗೆ ಸೇರಿದೆ. ಟ್ಯೂನಾ ಮೀನಿನ ಸಮೃದ್ಧ ಜಲರಾಶಿ ಅದು. ಮೊದಲು ದೂರದೇಶಗಳ ಹಡಗುಗಳು ಒಂದೊಂದು ದ್ವೀಪರಾಷ್ಟ್ರದೊಡನೆಯೂ ಪ್ರತ್ಯೇಕವಾಗಿ ಚೌಕಾಸಿ ಮಾಡಿ ಅಗ್ಗದಲ್ಲಿ ಪರವಾನಗಿ ಪಡೆಯುತ್ತಿದ್ದವು. ನೌರು ಒಪ್ಪಂದದ ಎಂಟು ರಾಷ್ಟ್ರಗಳು ಒಂದಾಗಿ 2007ರಲ್ಲಿ ‘ಹಡಗು-ದಿನ’ ಪದ್ಧತಿಯನ್ನು ತಂದವು. ವರ್ಷಕ್ಕೆ ಇಂತಿಷ್ಟೇ ಮೀನುಗಾರಿಕೆಯ ದಿನಗಳೆಂದು ನಿಗದಿಪಡಿಸಿ, ಆ ದಿನಗಳನ್ನೇ ಮಾರಾಟಕ್ಕಿಡಲಾಯಿತು. 2015ರ ವೇಳೆಗೆ ದಿನವೊಂದರ ಕನಿಷ್ಠ ದರ 8 ಸಾವಿರ ಅಮೆರಿಕನ್ ಡಾಲರಿಗೆ ಏರಿತು. ಮೀನು ಅದೇ, ಕಡಲೂ ಅದೇ. ಮಾರುವವರು ಒಗ್ಗಟ್ಟಾದದ್ದೇ ಬೆಲೆ ಏರಿಕೆಗೆ ಮುಖ್ಯ ಕಾರಣ. ಕೊಳ್ಳುವವರ ಕೂಟದೆದುರು ಒಬ್ಬೊಬ್ಬರೇ ನಿಂತು ಸೋಲುವ ಸಣ್ಣ ಉತ್ಪಾದಕರು ಈ ಉದಾಹರಣೆಯನ್ನು ಗಮನಿಸಬಹುದು.

ಎರಡನೆಯದು ಎರಡು ಅಕ್ಷರಗಳ ಹಕ್ಕು. ಅಂತರರಾಷ್ಟ್ರೀಯ ದೇಶ ಸಂಕೇತಗಳ ಪಟ್ಟಿಯಲ್ಲಿ ತುವಾಲುವಿಗೆ ದೊರೆತದ್ದು ‘ಟಿವಿ’. ಅಂತರಜಾಲದ ವಿಳಾಸಗಳ ಕೊನೆಯಲ್ಲಿ ಬರುವ ಈ ‘ಡಾಟ್ ಟಿವಿ’ಗೆ ದೂರದರ್ಶನ ಮತ್ತು ವಿಡಿಯೊ ಸಂಸ್ಥೆಗಳಿಂದ ಬೇಡಿಕೆ ಹುಟ್ಟಿತು. 2000ದಲ್ಲಿ ಅಮೆರಿಕದ ಕಂಪನಿಯೊಂದು ಹನ್ನೆರಡು ವರ್ಷಗಳ ಅವಧಿಗೆ 5 ಕೋಟಿ ಡಾಲರ್ ಕೊಡಲು ಒಪ್ಪಿತು. ಆ ಹಣ ಬಂದದ್ದರಿಂದಲೇ ವಿಶ್ವಸಂಸ್ಥೆಯ ಸದಸ್ಯತ್ವದ ವೆಚ್ಚವನ್ನು ಭರಿಸಲು ಸಾಧ್ಯವಾಗಿ, ಅದೇ ವರ್ಷದ ಸೆಪ್ಟೆಂಬರ್ 5ರಂದು ತುವಾಲು 189ನೆಯ ಸದಸ್ಯ ರಾಷ್ಟ್ರವಾಯಿತು. ಬಳಿಕ ವ್ಯವಹಾರ ವೆರಿಸೈನ್ ಸಂಸ್ಥೆಯ ಕೈಸೇರಿತು. ಬರುತ್ತಿದ್ದ ಬಾಡಿಗೆ ತೀರಾ ಕಡಿಮೆಯೆಂಬ ಅಸಮಾಧಾನ ಸರ್ಕಾರದಲ್ಲಿತ್ತು. ಆ ಅಸಮಾಧಾನ ಅಕಾರಣವಾದುದೆಂದು ಹೇಳಲಾಗದು. ಇದೇ ಎರಡಕ್ಷರದ ವಿಳಾಸ ಹೊತ್ತ ಟ್ವಿಚ್ ಸಂಸ್ಥೆಯನ್ನು 2014ರಲ್ಲಿ ಅಮೆಜಾನ್ ಕೊಂಡದ್ದು 97 ಕೋಟಿ ಡಾಲರಿಗೆ. 2021ರಲ್ಲಿ ಗುತ್ತಿಗೆ ಗೋಡ್ಯಾಡಿ ಸಂಸ್ಥೆಯ ಪಾಲಾಯಿತು. ಈಗ ವಾರ್ಷಿಕ ಆದಾಯ ಹಿಂದಿನದರ ಸುಮಾರು ಇಮ್ಮಡಿಯೆಂದು ವರದಿಯಾಗಿದೆ.

ಮೂರನೆಯ ಆದಾಯ ಜನರ ದುಡಿಮೆಯದು. ಅಮಾತುಕು ಎಂಬ ಕಿರುದ್ವೀಪದ ನಾವಿಕ ಶಾಲೆಯಲ್ಲಿ ತರಬೇತಿ ಪಡೆದ ಯುವಕರು ವಿದೇಶಿ ಸರಕು ಹಡಗುಗಳಲ್ಲಿ ದುಡಿದು ಮನೆಗೆ ಹಣ ಕಳುಹಿಸುತ್ತಾ ಬಂದಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಈ ಅವಕಾಶ ಕುಗ್ಗಿದೆ.

ಹೀಗೆ ಬಂದ ಹಣಕ್ಕಿಂತ ಅದನ್ನು ಕಾಯುವ ಕ್ರಮ ಹೆಚ್ಚು ಸ್ವಾರಸ್ಯಕರ. 1987ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಬ್ರಿಟನ್ನಿನ ನೆರವಿನೊಡನೆ ಸುಮಾರು 2.7 ಕೋಟಿ ಆಸ್ಟ್ರೇಲಿಯನ್ ಡಾಲರ್ ಮೂಲಧನದ ತುವಾಲು ಟ್ರಸ್ಟ್ ನಿಧಿ ಸ್ಥಾಪನೆಯಾಯಿತು. ನಿಯಮ ಸರಳ: ಬೆಲೆಯೇರಿಕೆಗೆ ತಕ್ಕಂತೆ ಮೂಲಧನದ ನಿಜಮೌಲ್ಯ ಉಳಿದ ಮೇಲೆ ಮಿಗುವ ಗಳಿಕೆಯನ್ನು ಮಾತ್ರ ಎರಡನೆಯ ಖಾತೆಗೆ ವರ್ಗಾಯಿಸಬೇಕು, ಆಯವ್ಯಯದಲ್ಲಿ ಕೊರತೆ ಬಿದ್ದ ವರ್ಷ ಸರ್ಕಾರ ಆ ಎರಡನೆಯ ಖಾತೆಯಿಂದ ಹಣ ತೆಗೆಯಬಹುದು. ಮೂಲಧನವನ್ನು ಮುಟ್ಟುವಂತಿಲ್ಲ. ನಿಧಿ ಇಂದು 15 ಕೋಟಿ ಡಾಲರ್ ದಾಟಿದೆ. ಖನಿಜ ಮಾರಿ ಶ್ರೀಮಂತವಾದ ನೆರೆಯ ನೌರು ತನ್ನ ನಿಧಿಯನ್ನು ಕರಗಿಸಿಕೊಂಡದ್ದನ್ನು ನೆನೆದರೆ ತುವಾಲುವಿನ ಮಿತವ್ಯಯದ ಬೆಲೆ ತಿಳಿಯುತ್ತದೆ.

ಭಾರತದೊಡನೆ ತುವಾಲುವಿನ ನೇರ ವ್ಯಾಪಾರ ನಗಣ್ಯ. 2014ರ ನವೆಂಬರಿನಲ್ಲಿ ಸುವಾದಲ್ಲಿ ನಮ್ಮ ಪ್ರಧಾನಮಂತ್ರಿಯವರೊಡನೆ ಸಭೆ ಸೇರಿದ 14 ಪೆಸಿಫಿಕ್ ದ್ವೀಪರಾಷ್ಟ್ರಗಳಲ್ಲಿ ಅದೂ ಒಂದಾಗಿತ್ತು.

ಬಾಡಿಗೆಯ ಈ ಎಲ್ಲ ಲೆಕ್ಕದ ಕೆಳಗೆ ಒಂದು ಆತಂಕವಿದೆ. ಕಡಲಿನ ಹಕ್ಕನ್ನು ಅಳೆಯುವುದು ನೆಲದಿಂದ. ಆ ನೆಲಕ್ಕೇ ಏರುತ್ತಿರುವ ಸಮುದ್ರದ ಭೀತಿ. ದ್ವೀಪಗಳು ನಾಳೆಯೇ ಮುಳುಗುತ್ತವೆಂಬ ಮಾತು ಉತ್ಪ್ರೇಕ್ಷೆ. ಅಲೆಗಳು ತಂದು ಹಾಕುವ ಹವಳದ ಚೂರುಗಳಿಂದ 1971 ಮತ್ತು 2014ರ ನಡುವೆ ಒಟ್ಟು ಭೂಭಾಗ ಶೇ. 2.9ರಷ್ಟು ಹೆಚ್ಚಿದೆಯೆಂದು ಅಧ್ಯಯನವೊಂದು ತೋರಿಸಿದೆ. ಆದರೆ ದೊಡ್ಡ ಉಬ್ಬರದ ದಿನಗಳಲ್ಲಿ ನೆಲದಡಿಯಿಂದಲೇ ಉಪ್ಪುನೀರು ಉಕ್ಕಿ ಪುಲಾಕಾ ಗುಂಡಿಗಳನ್ನು ಕೆಡಿಸುತ್ತದೆ. ನೆಲ ಉಳಿದರೂ ಬದುಕು ಕಷ್ಟವಾಗುತ್ತದೆ. ಫುನಾಫುತಿಯಲ್ಲಿ ಕಡಲನ್ನು ತುಂಬಿ ಏಳು ಹೆಕ್ಟೇರ್ ಎತ್ತರದ ಹೊಸ ನೆಲವನ್ನು ನಿರ್ಮಿಸಲಾಗಿದೆ.

ಹಕ್ಕುಗಳ ರಕ್ಷಣೆಗೂ ಸಿದ್ಧತೆ ನಡೆದಿದೆ. ಸಮುದ್ರ ಏರಿದರೂ ಒಮ್ಮೆ ಘೋಷಿಸಿದ ಕಡಲ ಗಡಿಗಳು ಬದಲಾಗವೆಂದು ಪೆಸಿಫಿಕ್ ದ್ವೀಪ ವೇದಿಕೆ 2021ರಲ್ಲಿ ಘೋಷಿಸಿತು. ಭೂಭಾಗ ನಷ್ಟವಾದರೂ ರಾಷ್ಟ್ರ ಶಾಶ್ವತವಾಗಿ ಮುಂದುವರಿಯುವುದೆಂದು ತುವಾಲು 2023ರಲ್ಲಿ ತನ್ನ ಸಂವಿಧಾನದಲ್ಲೇ ಬರೆದುಕೊಂಡಿತು. 2024ರಲ್ಲಿ ಜಾರಿಗೆ ಬಂದ ಫಲೆಪಿಲಿ ಒಪ್ಪಂದದಂತೆ ಆಸ್ಟ್ರೇಲಿಯಾ ಇದನ್ನು ಮಾನ್ಯ ಮಾಡಿ, ವರ್ಷಕ್ಕೆ 280 ತುವಾಲುವರಿಗೆ ತನ್ನಲ್ಲಿ ನೆಲೆಸಲು ಅವಕಾಶ ಕೊಡುತ್ತದೆ. ಪ್ರತಿಯಾಗಿ, ಅನ್ಯ ದೇಶಗಳೊಡನೆ ರಕ್ಷಣಾ ಒಪ್ಪಂದ ಮಾಡಿಕೊಳ್ಳುವ ಮುನ್ನ ತುವಾಲು ಆಸ್ಟ್ರೇಲಿಯಾದ ಸಮ್ಮತಿ ಪಡೆಯಬೇಕು. ಈ ಬೆಲೆ ಹೆಚ್ಚಾಯಿತೆಂದು ದೇಶದೊಳಗೇ ಹಲವರ ಆಕ್ಷೇಪವಿದೆ. 2025ರಲ್ಲಿ ನಡೆದ ಮೊದಲ ಚೀಟಿ ಎತ್ತುವಿಕೆಗೆ ಕುಟುಂಬದವರೂ ಸೇರಿ 8 ಸಾವಿರಕ್ಕೂ ಹೆಚ್ಚು ಜನ ಹೆಸರು ನೋಂದಾಯಿಸಿದ್ದರು.