ಮಾಸ್ಕೋದ ಪಿಯಾನೊಗೆ ಮೈಸೂರಿನ ಆಸರೆ

1947. ಲಂಡನ್ನಿನಲ್ಲಿ 67 ವರ್ಷದ ರಷ್ಯನ್ ವಾಗ್ಗೇಯಕಾರರೊಬ್ಬರು ತಮ್ಮ ಮೂರೂ ಪಿಯಾನೊ ಕಾನ್ಚೆರ್ಟೊಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಿದರು. ಐದು ವರ್ಷ ಹಿಂದೆ ಹೃದಯಾಘಾತವಾಗಿದ್ದ ದೇಹ. ಜೊತೆಗೆ ಹೊಸದಾಗಿ ಹುಟ್ಟಿದ್ದ ಫಿಲ್‌ಹಾರ್ಮೋನಿಯಾ ವಾದ್ಯವೃಂದ. ವಾಗ್ಗೇಯಕಾರರ ಹೆಸರು ನಿಕೊಲಾಯ್ ಮೆಟ್ನರ್. ಖರ್ಚು ಹೊತ್ತವರು ಇನ್ನೂ ಮೂವತ್ತು ತುಂಬದ ಮೈಸೂರಿನ ಅರಸ, ಜಯಚಾಮರಾಜೇಂದ್ರ ಒಡೆಯರ್.

ಮೆಟ್ನರ್ ಹುಟ್ಟಿದ್ದು 1880ರ ಜನವರಿ 5ರಂದು, ಮಾಸ್ಕೋದಲ್ಲಿ. ಅಲ್ಲಿನ ಕನ್ಸರ್ವೇಟರಿಯಲ್ಲಿ ವಾಸಿಲಿ ಸಫೊನೊವ್ ಅವರ ಶಿಷ್ಯರಾಗಿ 1900ರಲ್ಲಿ ವ್ಯಾಸಂಗ ಮುಗಿಸಿದರು. ದೊಡ್ಡ ಪಿಯಾನೊ ವಾದಕರಾಗಿ ಊರೂರು ಸುತ್ತಬಹುದಿತ್ತು. ಅವರು ರಚನೆಯನ್ನೇ ಆರಿಸಿಕೊಂಡರು. ಬರೆದದ್ದರಲ್ಲಿ ಬಹುಪಾಲು ಪಿಯಾನೊಗಾಗಿಯೇ. 14 ಸೊನಾಟಾಗಳು, 'ಕಥೆಗಳು' ಎಂದು ಹೆಸರಿಟ್ಟ ಮೂವತ್ತಕ್ಕೂ ಹೆಚ್ಚು ಚಿಕ್ಕ ಕೃತಿಗಳು, ನೂರಕ್ಕೂ ಮಿಕ್ಕ ಹಾಡುಗಳು. ಆಪೆರಾ ಇಲ್ಲ, ಸಿಂಫನಿ ಇಲ್ಲ. ಹೆಸರು ಹರಡದಿರಲು ಇದೂ ಒಂದು ಕಾರಣ.

ಕ್ರಾಂತಿಯ ನಂತರ, 1921ರಲ್ಲಿ, ಹೆಂಡತಿ ಅನ್ನಾ ಜೊತೆ ದೇಶ ಬಿಟ್ಟರು. ಬರ್ಲಿನ್, ಪ್ಯಾರಿಸ್, ಕೊನೆಗೆ ಲಂಡನ್. ಕೈಹಿಡಿದವರು ಗೆಳೆಯ ರಖ್ಮಾನಿನೊವ್. ಅಮೆರಿಕದಲ್ಲಿ ಕಛೇರಿಗಳು ಸಿಗುವಂತೆ ಮಾಡಿದ್ದು ಅವರೇ. 1935ರಲ್ಲಿ ಮೆಟ್ನರ್ ಅವರ 'ಮ್ಯೂಸ್ ಮತ್ತು ಫ್ಯಾಷನ್' ಪುಸ್ತಕವನ್ನು ಹೊರತಂದದ್ದೂ ಅವರದೇ ಪ್ರಕಾಶನ. ಶ್ರುತಿ, ಸ್ವರಮೇಳಗಳ ನಿಯಮಗಳು ಮನುಷ್ಯ ಮನಸ್ಸಿಗೆ ಬಂದಂತೆ ಬದಲಿಸುವಂಥವಲ್ಲ ಎಂದು ಆ ಪುಸ್ತಕ ಹಠ ಹಿಡಿದು ವಾದಿಸುತ್ತದೆ. ಹೊಸತನವೇ ಮಂತ್ರವಾಗಿದ್ದ ಯುರೋಪಿನಲ್ಲಿ ಅದನ್ನು ಕೇಳುವವರು ಕಡಿಮೆಯಿದ್ದರು. ಮಹಾಯುದ್ಧ ಶುರುವಾಗುತ್ತಲೇ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. ಶಿಷ್ಯೆ ಎಡ್ನಾ ಐಲ್ಸ್ ಅವರ ಕುಟುಂಬ ವಾರಿಕ್‌ಷೈರ್‌ನಲ್ಲಿ ದಂಪತಿಗೆ ಆಶ್ರಯ ಕೊಟ್ಟಿತು. ಮೂರನೇ ಕಾನ್ಚೆರ್ಟೊ ಮುಗಿದದ್ದು ಆ ಕಷ್ಟದ ದಿನಗಳಲ್ಲೇ.

ಅತ್ತ ಮೈಸೂರಿನಲ್ಲಿ 1919ರಲ್ಲಿ ಹುಟ್ಟಿದ ರಾಜಕುಮಾರನಿಗೆ ಪಿಯಾನೊ ಕಛೇರಿ ಕೊಡುವ ವಾದಕನಾಗುವ ಆಸೆಯಿತ್ತು. 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡಾಗ ಸಿಂಹಾಸನ ಏರಬೇಕಾಯಿತು. ಆಸೆ ಅಲ್ಲಿಗೆ ನಿಂತರೂ ಕಿವಿ ನಿಲ್ಲಲಿಲ್ಲ. ಧ್ವನಿಮುದ್ರಿಕೆಗಳನ್ನು ರಾಶಿ ರಾಶಿಯಾಗಿ ತರಿಸಿಕೊಂಡರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋಶಿಪ್ ನೀಡಿತು.

ಅವರ ಆಹ್ವಾನದ ಮೇರೆಗೆ ಮೈಸೂರಿಗೆ ಬಂದ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್, ಅರಮನೆಯ ಸಂಗ್ರಹ, ದೊಡ್ಡ ದೊಡ್ಡ ಧ್ವನಿವರ್ಧಕಗಳು, ಪಿಯಾನೊಗಳನ್ನು ಕಂಡು ಬೆರಗಾದರು. ಮೆಟ್ನರ್ ಕೃತಿಗಳ ಮುದ್ರಣಕ್ಕೆ ಹಣ ಒದಗಿಸಲು ಮಹಾರಾಜರು ಒಪ್ಪಿದರು. ಲೆಗ್ ಕಟ್ಟಿದ ಫಿಲ್‌ಹಾರ್ಮೋನಿಯಾಗೂ ಮೂರು ವರ್ಷ, ವರ್ಷಕ್ಕೆ 10,000 ಪೌಂಡಿನ ನೆರವು ಸಿಕ್ಕಿತು. ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಒಡೆಯರೇ.

ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಆಗಿನದು 78 ಸುತ್ತಿನ ತಟ್ಟೆ, ಒಂದು ಬದಿಗೆ ನಾಲ್ಕು ನಿಮಿಷದಷ್ಟೇ ಸಂಗೀತ. ಅರ್ಧ ಗಂಟೆಯ ಕಾನ್ಚೆರ್ಟೊವನ್ನು ತುಂಡು ತುಂಡಾಗಿ ನುಡಿಸಬೇಕು, ತಪ್ಪಿದರೆ ಇಡೀ ಬದಿ ಮತ್ತೆ. ವಯಸ್ಸಾದ, ರೋಗಿಯಾದ ಮನುಷ್ಯ ಇದನ್ನು ಮಾಡಿ ಮುಗಿಸಿದ್ದು ಸಣ್ಣ ಮಾತಲ್ಲ. ಕಾನ್ಚೆರ್ಟೊಗಳ ನಂತರ ಸೊನಾಟಾ, 'ಕಥೆಗಳು', ಹಾಡುಗಳು ಬಂದವು. ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದಾಗ ಪಿಯಾನೊದ ಮುಂದೆ ಮೆಟ್ನರ್ ಅವರೇ ಇದ್ದರು. ಎಲ್ಲ ಕೃತಿಗಳನ್ನೂ ಮುದ್ರಿಸುವ ಯೋಜನೆ ಪೂರ್ತಿಯಾಗಲಿಲ್ಲ. 1951ರ ನವೆಂಬರ್ 13ರಂದು ಅವರು ತೀರಿಕೊಂಡರು. ಮೂರನೇ ಕಾನ್ಚೆರ್ಟೊವನ್ನು ಅವರು ಮೈಸೂರು ಮಹಾರಾಜರಿಗೇ ಅರ್ಪಿಸಿದ್ದರು.

ಇದೇ 1947ರ ಸೆಪ್ಟೆಂಬರ್‌ನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ಎದ್ದಿತ್ತು, ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಅಂಥ ಹೊತ್ತಿನಲ್ಲಿ ಸಂಸ್ಥಾನದ ದೊರೆ ಪರದೇಶದ ಸಂಗೀತಕ್ಕೆ ಹಣ ಸುರಿದದ್ದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಹಣ ಬಾರದಿದ್ದರೆ ಕಾನ್ಚೆರ್ಟೊಗಳು ಕರ್ತೃವಿನ ಬೆರಳಲ್ಲೇ ದಾಖಲಾಗುವುದು ಕಷ್ಟವಿತ್ತು. ಹೆಸರು ಗಳಿಸುವುದೇ ಉದ್ದೇಶವಾಗಿದ್ದರೆ ಮಾರುಕಟ್ಟೆಯಲ್ಲಿ ಮೆರೆಯುತ್ತಿದ್ದ ಎಷ್ಟೋ ಜನ ಸಿಗುತ್ತಿದ್ದರು. ಮರೆತುಹೋಗುತ್ತಿದ್ದವರನ್ನು ಹುಡುಕಿದ್ದು ಸ್ವಂತ ಕಿವಿಯ ನಿರ್ಣಯ.

ಆ ಕಿವಿ ಪಶ್ಚಿಮಕ್ಕಷ್ಟೇ ಮೀಸಲಾಗಿರಲಿಲ್ಲ. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ ಪಡೆದ ಒಡೆಯರು 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಸಂಪ್ರದಾಯದ ನಿಯಮವನ್ನು ಉಪಾಸನೆಯಂತೆ ಕಾಣುವವರಿಗೆ ಮೆಟ್ನರ್ ಪರಕೀಯ ಅನ್ನಿಸದೆ ಹೋದದ್ದು ಸಹಜ.

1958ರಲ್ಲಿ ಅನ್ನಾ ರಷ್ಯಾಕ್ಕೆ ಮರಳಿದರು. ಮರುವರ್ಷದಿಂದ ಮಾಸ್ಕೋದಲ್ಲಿ ಮೆಟ್ನರ್ ಸಮಗ್ರ ಕೃತಿಗಳ 12 ಸಂಪುಟಗಳು ಬರತೊಡಗಿದವು. ಹಮಿಷ್ ಮಿಲ್ನ್, ಜೆಫ್ರಿ ಟೋಜರ್, ಮಾರ್ಕ್-ಆಂದ್ರೆ ಹಾಮ್ಲಾಂ ಮೊದಲಾದ ವಾದಕರು ಮುಂದೆ ಅವನ್ನು ಕೈಗೆತ್ತಿಕೊಂಡರು. ಮೈಸೂರಿನ ನೆರವಿನ ಮುದ್ರಿಕೆಗಳೂ ಸಿ.ಡಿ.ಗಳಾಗಿ ಮರಳಿ ಬಂದಿವೆ. ಮೊದಲ ಸಲ ಕೇಳುವವರು ಕಾನ್ಚೆರ್ಟೊಗೆ ಹೋಗುವ ಮುನ್ನ 'ಕಥೆ'ಗಳಿಂದ ಆರಂಭಿಸುವುದು ಒಳ್ಳೆಯದು. ಒಂದೊಂದೂ ಕೆಲವೇ ನಿಮಿಷದ್ದು, ಎರಡನೇ ಸಲ ಕೇಳಿದಾಗಲೇ ಒಳಗಿನ ಎಳೆಗಳು ಬಿಡಿಬಿಡಿಯಾಗಿ ಕೇಳತೊಡಗುತ್ತವೆ.