ಮಗನ ಮುಂದೆ ನಿಂತ ತಾಯಿ: ಡ್ವೊರ್ಜಾಕರ ‘ಸ್ಟಾಬಾಟ್ ಮಾಟೆರ್’

ಪಾಶ್ಚಾತ್ಯ ಸಂಗೀತವೆಂದೊಡನೆ ‘ಇದು ನಮಗೆ ದಕ್ಕುವಂಥದಲ್ಲ’ ಎಂದು ರೇಡಿಯೋದ ಗುಂಡಿ ತಿರುಗಿಸುವ ಅಭ್ಯಾಸ ತಮಗಿದ್ದರೆ, ಒಂದು ಕೃತಿಯ ಮಟ್ಟಿಗಾದರೂ ಅದನ್ನು ಬದಿಗಿಡಬೇಕೆಂದು ಕೇಳಿಕೊಳ್ಳುತ್ತೇವೆ. ಚೆಕ್ ನಾಡಿನ ವಾಗ್ಗೇಯಕಾರ ಆಂಟೊನಿನ್ ಡ್ವೊರ್ಜಾಕರ (1841–1904) ‘ಸ್ಟಾಬಾಟ್ ಮಾಟೆರ್’ ಆ ಕೃತಿ.

ಇದರ ಸಾಹಿತ್ಯ 13ನೆಯ ಶತಮಾನದ ಲ್ಯಾಟಿನ್ ಪ್ರಾರ್ಥನೆ. ಮೂರು ಮೂರು ಸಾಲಿನ ಇಪ್ಪತ್ತು ಪದ್ಯಗಳು. ಶಿಲುಬೆಗೇರಿದ ಮಗನ ಮುಂದೆ ನಿಂತ ಮರಿಯಮ್ಮನ ಚಿತ್ರ ಮೊದಲು ಬರುತ್ತದೆ. ಅನಂತರ ಭಕ್ತನು ಅವಳನ್ನೇ ಕರೆದು, ಆ ದುಃಖದಲ್ಲಿ ತನಗೂ ಪಾಲು ಕೊಡೆಂದು ಬೇಡುತ್ತಾನೆ.

ಡ್ವೊರ್ಜಾಕರು ಪ್ರಾಗ್ ನಗರದ ಒಂದು ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಬಡ ಸಂಸಾರಿ. 1875ರ ಆಗಸ್ಟಿನಲ್ಲಿ ಅವರ ಹೆಣ್ಣುಕೂಸು ಯೋಸೆಫಾ ಹುಟ್ಟಿದ ಎರಡೇ ದಿನಕ್ಕೆ ತೀರಿಕೊಂಡಿತು. ಮರುವರ್ಷ ಅವರು ಈ ಪ್ರಾರ್ಥನೆಗೆ ಪಿಯಾನೋ ಸಹಿತ ಏಳು ಭಾಗಗಳನ್ನು ಕಟ್ಟಿ, ಹಾಗೆಯೇ ಎತ್ತಿಟ್ಟರು. 1877ರ ಆಗಸ್ಟಿನಲ್ಲಿ ವರ್ಷ ತುಂಬದ ರೂಜೆನಾ ರಂಜಕದ ದ್ರಾವಣ ಕುಡಿದು ಸತ್ತಳು. ತಿಂಗಳು ಕಳೆಯುವುದರೊಳಗೆ, ಸೆಪ್ಟೆಂಬರ್ 8ರಂದು, ಮೂರು ವರ್ಷದ ಓಟಕಾರ್ ಸಿಡುಬಿಗೆ ಬಲಿಯಾದ. ಅದು ತಂದೆಯ ಹುಟ್ಟುಹಬ್ಬದ ದಿನ. ಮರಿಯಮ್ಮನ ಜನ್ಮದಿನವೂ ಹೌದು. ನಮ್ಮ ಮಂಗಳೂರಿನ ಕಡೆ ಮೊಂತಿ ಹಬ್ಬವೆಂದು ಹೊಸ ತೆನೆ ಮನೆಗೆ ತರುವುದು ಅಂದೇ.

ಮಕ್ಕಳಿಲ್ಲದ ಆ ಮನೆಯಲ್ಲಿ ಡ್ವೊರ್ಜಾಕರು ಹಳೆಯ ಹಾಳೆಗಳನ್ನು ಮತ್ತೆ ಕೈಗೆತ್ತಿಕೊಂಡರು. ಇನ್ನೂ ಮೂರು ಭಾಗಗಳನ್ನು ಸೇರಿಸಿ, ಇಡೀ ವಾದ್ಯವೃಂದಕ್ಕೆ ಅಳವಡಿಸಿ, ನವೆಂಬರ್ 13ಕ್ಕೆ ಮುಗಿಸಿದರು.

ಕೇಳುವಾಗ ಮೊದಲ ಕೆಲವು ನಿಮಿಷಗಳನ್ನು ಗಮನಿಸಿ. ಒಂದೇ ಸ್ವರ, ನಮ್ಮ ಲೆಕ್ಕದಲ್ಲಿ ಪಂಚಮ, ಮೆಲ್ಲನೆ ಹುಟ್ಟಿ ಸ್ಥಾಯಿಯಿಂದ ಸ್ಥಾಯಿಗೆ ಏರುತ್ತದೆ. ಕತ್ತೆತ್ತಿ ಶಿಲುಬೆಯನ್ನು ನೋಡಿದಂತಿದೆ ಆ ಏರಿಕೆ. ಬಳಿಕ ಮೇಲಿನಿಂದ ಅರ್ಧ ಅರ್ಧ ಸ್ವರವಾಗಿ ನಾದ ಕೆಳಗಿಳಿಯುತ್ತದೆ. ಬಿಕ್ಕಳಿಕೆ ತಡೆಯುವವರ ಉಸಿರು ಹೀಗೆಯೇ. ಮುಂದೆ ನಾಲ್ವರು ಗಾಯಕರೂ ಮೇಳವೂ ಸರದಿಯಾಗಿಯೂ ಕೂಡಿಯೂ ಹಾಡುತ್ತಾರೆ. ಸುಮಾರು ಒಂದೂವರೆ ಗಂಟೆಯ ಕೃತಿಯ ಕೊನೆಯ, ಹತ್ತನೆಯ ಭಾಗದಲ್ಲಿ ಮೊದಲಿನ ಆ ಸ್ವರವೇ ಮರಳಿ ಬರುತ್ತದೆ. ಆದರೆ ಈ ಬಾರಿ ಅದು ದುಃಖಕ್ಕೆ ಇಳಿಯದೆ ಉಜ್ಜ್ವಲವಾದ ‘ಆಮೆನ್’ ಘೋಷಕ್ಕೆ ದಾರಿ ಬಿಡುತ್ತದೆ.

1880ರ ಡಿಸೆಂಬರ್ 23ರಂದು ಪ್ರಾಗ್‌ನಲ್ಲಿ ಇದರ ಮೊದಲ ಪ್ರಯೋಗವಾಯಿತು. 1884ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಎಂಟುನೂರಕ್ಕೂ ಮಿಕ್ಕ ಗಾಯಕರ ಮೇಳವನ್ನು ಡ್ವೊರ್ಜಾಕರೇ ನಡೆಸಿದರು. ಅಲ್ಲಿಂದ ಅವರ ಹೆಸರು ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು.

ಈ ಕೃತಿ ಕೇಳಸಿಕ್ಕಾಗ ದೀಪ ಸಣ್ಣದು ಮಾಡಿ, ಮನೆಮಂದಿಯೊಡನೆ ಕುಳಿತು ಆಲಿಸಿ. ಲ್ಯಾಟಿನ್ ಬಾರದಿದ್ದರೂ ಚಿಂತೆಯಿಲ್ಲ. ಮೂರು ಮಕ್ಕಳನ್ನು ಮಣ್ಣಿಗಿಟ್ಟ ತಂದೆಯೊಬ್ಬ, ಮಗನನ್ನು ಕಳೆದುಕೊಂಡ ತಾಯಿಯೊಡನೆ ಮಾತನಾಡುತ್ತಿದ್ದಾನೆಂಬುದು ತಮಗೆ ಕೇಳಿಸೀತು.